ಗದಗಿನಲ್ಲಿ ಎರಡು ಸಲ ಕಂಡ ಚಿಮಣಿ

...ಅಥವಾ ಆ ಚಿಮಣಿ ಬಲಗಡೆಯೇ ಇತ್ತೇನೋ. ಎಡಗಡೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೇಳುವಾಗಲೆಲ್ಲ ಎಡಗೈಯನ್ನೇ ಎತ್ತಿ ತೋರಿಸಿದ್ದೇನೆ. ಹಾಗಾಗಿ ಅದು ಎಡಕ್ಕೇ ನಿಂತುಬಿಟ್ಟಿದೆ. ಆದರೆ ಗಾಡಿ ಗದಗ ಜಂಕ್ಷನ್ನಿನೊಳಗೆ ಬರುವಾಗ ನಾನು ಯಾವ ಕಡೆ ಮುಖ ಮಾಡಿ ಕೂತಿದ್ದೆ? ಅದು ನೆನಪಿಲ್ಲ. ಮುಖ ಯಾವ ಕಡೆ ಇತ್ತೆಂಬುದೇ ಗೊತ್ತಿಲ್ಲದ ಮೇಲೆ ಎಡವೆಂದರೇನು, ಬಲವೆಂದರೇನು. ಒಂದು ಮಾತ್ರ ಖರೆ. ಆ ಚಿಮಣಿ ನಮಗೆ ಎರಡು ಸಲ ಕಂಡಿತು. ಎರಡನೆಯ ಸಲ ಕಂಡದ್ದೇ ಎಲ್ಲ ಫಜೀತಿಗೂ ಕಾರಣ.

ಇದನ್ನೆಲ್ಲ ಎಬ್ಬಿಸಿದ್ದು ಗಂಜಿಯ ವಾಸನೆ. ಮೊನ್ನೆ ಸೊಸೆ ಎಲ್ಲೋ ಪ್ರದರ್ಶನದಲ್ಲಿ ಕೊಂಡ ಕೈಮಗ್ಗದ ಸೀರೆಯೊಂದನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, "ನೋಡ್ರಿ, ನಿಮ್ಮ ಗಜೇಂದ್ರಗಡದ್ದಂತ" ಅಂದಳು. ಹಸಿರು ಒಡಲು, ಪಟ್ಟೇದ ಅಂಚು. ಮಡಿಕೆ ಬಿಚ್ಚಿದರೆ ಹೊಸ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ. ಅದರ ಬೆನ್ನಿಗೇ ಕಲ್ಲಿದ್ದಲ ಹೊಗೆಯ ವಾಸನೆ. ಸೀರೆಯಲ್ಲಿ ಕಲ್ಲಿದ್ದಲ ಹೊಗೆ ಎಲ್ಲಿಂದ ಬರಬೇಕು? ಅದನ್ನು ನನ್ನ ಮೂಗು ತಾನಾಗಿಯೇ ಸೇರಿಸಿಕೊಂಡಿತ್ತು. ಮೂಗು ಇಷ್ಟು ಧೈರ್ಯವಾಗಿ ಸುಳ್ಳು ಹೇಳುವುದಾದರೆ ಉಳಿದದ್ದನ್ನು ಎಷ್ಟು ನಂಬಬೇಕು?

ಐವತ್ತರ ದಶಕದ ಮಾತು. ನಾನು ಹುಬ್ಬಳ್ಳಿಯವಳು, ಮದುವೆಯಾಗಿ ಗಜೇಂದ್ರಗಡಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಎದುರುಮನೆ ನೇಕಾರರದು. ಬೆಳಕು ಹರಿಯುವ ಮೊದಲೇ ಅಲ್ಲಿ ಕುಣಿಮಗ್ಗದ ಸದ್ದು ಶುರುವಾಗುತ್ತಿತ್ತು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದವಳು ಆ ಮನೆಯ ಹೆಂಗಸು. ನಾನು ಆಕೆಯನ್ನು ಅತ್ತಿ ಎಂದು ಕರೆಯುತ್ತಿದ್ದೆ. ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಓಣಿಯಲ್ಲಿ ಹಿರಿಯ ಹೆಂಗಸರಿಗೆ ಹೆಸರಿನ ಅವಶ್ಯಕತೆಯೇ ಬೀಳುತ್ತಿರಲಿಲ್ಲ.

ಅತ್ತಿಗಿದ್ದವಳು ಒಬ್ಬಳೇ ಮಗಳು. ಆಕೆಯನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಮದುವೆಯಲ್ಲಿ ಒಂದು ಎಡವಟ್ಟಾಗಿತ್ತು. ಬೀಗತಿಗೆಂದು ಮಗ್ಗಕ್ಕೆ ಹಾಕಿದ್ದ ಸೀರೆ ಮುಹೂರ್ತದೊಳಗೆ ಮುಗಿಯಲಿಲ್ಲ, ಅವಸರದಲ್ಲಿ ಪೇಟೆಯಿಂದ ಒಂದು ಗಿರಣಿ ಸೀರೆ ತಂದು ಕೊಟ್ಟರು. ನೇಕಾರರ ಮನೆಯವರು ಬೀಗತಿಗೆ ಗಿರಣಿ ಸೀರೆ ಉಡಿಸಿದರು! ಆಕೆ ಅದನ್ನು ಮರೆಯಲಿಲ್ಲ. ಮುಂದೆ ಪಂಚಮಿ ಬಂದರೂ, ದೀಪಾವಳಿ ಬಂದರೂ ಮಗಳನ್ನು ತವರಿಗೆ ಕಳಿಸಲಿಲ್ಲ. ಅತ್ತಿ ನೇಯುತ್ತ ನೇಯುತ್ತ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುವುದನ್ನು ನಾನು ನಮ್ಮ ಕಟ್ಟೆಯಿಂದ ಎಷ್ಟೋ ಸಲ ನೋಡಿದ್ದೆ.

ಆ ವರ್ಷ ಮಗಳು ಬಸುರಾಗಿ ಏಳು ತಿಂಗಳಾಯಿತು. ಸೀಮಂತಕ್ಕೆ ನಮ್ಮ ಕಡೆ ಕುಬಸ ಅನ್ನುತ್ತಾರೆ. ಬೀಗತಿ ಯಾರ ಕೈಯಲ್ಲೋ ಮಾತು ಕಳಿಸಿದಳು. ಕುಬಸದ ದಿನ ಹೊತ್ತು ಮುಳುಗಿ ದೀಪ ಹಚ್ಚುವುದರೊಳಗೆ ತಾಯಿ ಬಂದು ತವರಿನ ಹಸಿರು ಸೀರೆ ಉಡಿಸಿ ಉಡಿ ತುಂಬಿದರೆ ಮಗಳನ್ನು ಹೆರಿಗೆಗೆ ಕಳಿಸುತ್ತೇವೆ. ಇಲ್ಲವಾದರೆ ನಮ್ಮ ಸೀರೆ ಉಡಿಸುತ್ತೇವೆ, ಹೆರಿಗೆಯೂ ಬಾಣಂತನವೂ ಇಲ್ಲೇ.

ಅತ್ತಿಯ ಯಜಮಾನರಿಗೆ ಕಾಲು ಬಾತು ನಡೆಯಲು ಬರುತ್ತಿರಲಿಲ್ಲ. ನಾನು ಯುಗಾದಿಗೆಂದು ತವರಿಗೆ ಹೊರಟಿದ್ದೆ. "ಹುಬ್ಬಳ್ಳಿ ಹುಡುಗಿ ಐತಿ, ದಾರಿ ಬಲ್ಲದು" ಎಂದು ಓಣಿಯವರೆಲ್ಲ ಸೇರಿ ಅತ್ತಿಯನ್ನು ನನಗೆ ಗಂಟುಹಾಕಿದರು. ದಾರಿ ಬಲ್ಲವಳಂತೆ ನಾನು! ರೈಲಿನಲ್ಲಿ ಆ ದಾರಿ ಬಂದದ್ದು ಒಂದೇ ಸಲ, ಅದೂ ಮದುಮಗಳಾಗಿ, ತಲೆ ತಗ್ಗಿಸಿಕೊಂಡು. ನೋಡಿದ್ದು ನನ್ನ ಕಾಲುಂಗುರ ಮಾತ್ರ.

ಅತ್ತಿ ಅಲ್ಲಿಯವರೆಗೆ ರೈಲು ಹತ್ತಿದವಳಲ್ಲ. ಆದರೆ ತಯಾರಿ ಆಕೆಯದೇ ಆಗಿತ್ತು. ಓಣಿಯ ಹೆಂಗಸರಿಗೆ ಸ್ಟೇಷನ್ನಿನ ಹಲಗೆ ಓದಲು ಬರುತ್ತಿರಲಿಲ್ಲ. ಅವರು ದಾರಿಯನ್ನು ಗುರುತುಗಳಿಂದ ಇಟ್ಟುಕೊಳ್ಳುತ್ತಿದ್ದರು, ಒಬ್ಬರಿಂದೊಬ್ಬರಿಗೆ ಹೇಳುತ್ತಿದ್ದರು. ಮಲ್ಲಾಪುರದಲ್ಲಿ ಗಾಡಿ ಹತ್ತಿದ ಮೇಲೆ ದೂರದಲ್ಲಿ ನರಗುಂದದ ಗುಡ್ಡ ಕಾಣುತ್ತದೆ. ಆಮೇಲೆ ಅರಳೆ ಗಿರಣಿಯ ಎತ್ತರದ ಚಿಮಣಿ. ಆಮೇಲೆ ದೊಡ್ಡ ನೀರಿನ ಟಾಕಿ ಇರುವ ಜಂಕ್ಷನ್ನು, ಅದು ಗದಗ. ಆಮೇಲೆ ಅಣ್ಣಿಗೇರಿಯ ಗುಡಿ. ಕಡೆಗೆ ಹುಬ್ಬಳ್ಳಿ. ಅತ್ತಿ ಇದನ್ನೆಲ್ಲ ಕೇಳಿಕೊಂಡು ಬಂದು ಮಗಳ ಸೀರೆಗೆ ಮಗ್ಗದ ಮೇಲೆ ಉದ್ದೆಳೆಯ ಹಾಸು ಹಾಕಿ ಉಳಿದಿದ್ದ ಹಸಿರು ನೂಲಿನಲ್ಲಿ ಒಂದೊಂದು ಗುರುತಿಗೆ ಒಂದೊಂದು ಕುಣಿಕೆ ಹಾಕಿದಳು. ಎಳೆದರೆ ಬಿಚ್ಚುವಂಥ ಕುಣಿಕೆ.

"ಗುಡ್ಡ ಬಂತು, ಒಂದು ಬಿಚ್ಚೂದು. ಚಿಮಣಿ ಬಂತು, ಇನ್ನೊಂದು ಬಿಚ್ಚೂದು. ನೂಲು ಸಾಫ್ ಆತು ಅಂದ್ರ ನನ್ನ ಮಗಳ ಮನಿ. ಹೌದಿಲ್ಲೋ ತಂಗಿ?"

"ಹೌದ್ರಿ ಅತ್ತಿ" ಅಂದೆ. ಹಲಗೆ ಓದಲು ಬರುತ್ತಿದ್ದ ನನಗಿಂತ ಆಕೆಗೇ ದಾರಿ ಹೆಚ್ಚು ಗೊತ್ತಿರುವಂತೆ ಕಂಡಿತು.

ರಾಜೂರ ದಾಟಿ ರೋಣದವರೆಗೆ ಬಸ್ಸು. ರೋಣದಿಂದ ಮಲ್ಲಾಪುರಕ್ಕೆ ಟಾಂಗಾ. ಗಾಡಿ ಹತ್ತಿದ ಮೇಲೆ ಅತ್ತಿ ಸೀರೆಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಹಳೆಯ ಧೋತರದಲ್ಲಿ ಸುತ್ತಿದ ಗಂಟು. ಗಾಡಿ ಕುಲುಕುತ್ತ ಹೊರಟಾಗ ಆಕೆಯ ಕಾಲುಗಳು ತಾವಾಗಿಯೇ ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು, ಮಗ್ಗ ತುಳಿಯುವ ಹಾಗೆ. "ಭಾಳ ಸದ್ದು ಮಾಡತೈತಿ, ಆದ್ರ ತಾಳ ಚಲೋ ಐತಿ" ಅಂದಳು.

ನರಗುಂದದ ಗುಡ್ಡ ಕಂಡಿತು. ಅಷ್ಟು ದೂರಕ್ಕೆ ಕಾಣುತ್ತದೆಯೇ ಎಂದು ಈಗ ಸಂಶಯ ಬರುತ್ತದೆ. ಬಿಸಿಲ ಝಳದಲ್ಲಿ ಕಂಡದ್ದು ಬರೀ ಮಸುಕು ಗೆರೆ ಇರಬಹುದು, ಇನ್ನಾವುದೋ ದಿಬ್ಬವೂ ಇರಬಹುದು. ಅತ್ತಿ ಅದಕ್ಕೆ ಕೈ ಮುಗಿದು ಕುಣಿಕೆ ಎಳೆದಳು. ಅದು ಗುಡ್ಡವಾಯಿತು.

ಆಮೇಲೆ ಎಷ್ಟೋ ಹೊತ್ತು ಬರೀ ಎರೆಹೊಲ, ಹತ್ತಿ ಬಿಡಿಸಿದ ಒಣ ಕಡ್ಡಿಗಳು, ಬಿರುಕು ಬಿಟ್ಟ ಕರಿನೆಲ... ನಾನು ತೂಕಡಿಸಿರಬೇಕು. ಎಚ್ಚರಾದಾಗ ಅತ್ತಿ ನನ್ನ ಮೊಣಕೈ ತಿವಿಯುತ್ತಿದ್ದಳು. ಹೊಗೆ ಉಗುಳುತ್ತಿದ್ದ ಚಿಮಣಿ ಕಿಟಕಿಯಲ್ಲಿ ನಿಧಾನವಾಗಿ ಹಾದುಹೋಯಿತು. ಎರಡನೆಯ ಕುಣಿಕೆ ಬಿಚ್ಚಿತು. ಅದಾದ ಸ್ವಲ್ಪ ಹೊತ್ತಿಗೆ ಜಂಕ್ಷನ್ನು, ನೀರಿನ ಟಾಕಿ, ಮೂರನೆಯ ಕುಣಿಕೆ. ಅತ್ತಿಯ ಮುಖ ನೋಡಬೇಕಿತ್ತು. ತಾನೇ ಗಾಡಿ ನಡೆಸಿಕೊಂಡು ಬಂದವಳ ಹಾಗೆ ಕೂತಿದ್ದಳು.

ಗದಗಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಚಹಾದವರು, ಗಿರಮಿಟ್ ಮಾರುವವರು, ಕೊಳವೆಯಿಂದ ಎಂಜಿನ್ನಿಗೆ ಧೋ ಎಂದು ಬೀಳುವ ನೀರು, ಎಲ್ಲದರ ಮೇಲೂ ಕಲ್ಲಿದ್ದಲ ಹೊಗೆ. ಹಿಂದಿನಿಂದ ಒಂದು ಧಕ್ಕೆ ಬಡಿದು ನಾವೆಲ್ಲ ಮುಂದಕ್ಕೆ ವಾಲಿದೆವು. ಎಂಜಿನ್ನನ್ನು ಬಿಚ್ಚಿ ಆ ತುದಿಯಿಂದ ಈ ತುದಿಗೆ ತಂದು ಹಚ್ಚಿದ್ದರು. ಇದು ಈಗ ನನಗೆ ಗೊತ್ತು. ಮಲ್ಲಾಪುರದ ಕಡೆಯ ಹಳಿಯೂ ಹುಬ್ಬಳ್ಳಿಯ ಕಡೆಯ ಹಳಿಯೂ ಗದಗನ್ನು ಒಂದೇ ಮಗ್ಗುಲಿನಿಂದ ಹೊಗುತ್ತಿದ್ದವು. ಬಂದ ಗಾಡಿ ಹಿಮ್ಮುಖವಾಗಿ ಹೊರಟು, ಬಂದ ದಾರಿಯಲ್ಲೇ ಅಷ್ಟು ದೂರ ಹೋಗಿ, ಆಮೇಲೆ ಹುಬ್ಬಳ್ಳಿಯ ಹಳಿಗೆ ಹೊರಳಬೇಕಿತ್ತು. ಓಣಿಯ ಹೆಂಗಸರು ಇಷ್ಟೆಲ್ಲ ಹೇಳಿಯೂ ಇದೊಂದನ್ನು ಹೇಳಿರಲಿಲ್ಲ. ಹೇಳುವಂಥದ್ದೆಂದು ಅವರಿಗೆ ಅನಿಸಿರಲಿಕ್ಕಿಲ್ಲ.

ಗಾಡಿ ಹೊರಟಿತು. ಈಗ ನಾವು ಬೆನ್ನು ಮುಂದಾಗಿ ಹೋಗುತ್ತಿದ್ದೆವು. ಸ್ವಲ್ಪ ದೂರ ಹೋಗಿ ಸಿಗ್ನಲ್ಲಿನ ಹತ್ತಿರ ನಿಂತಿತು. ಅತ್ತಿ ಅಣ್ಣಿಗೇರಿಯ ಗುಡಿಯನ್ನು ಹುಡುಕುತ್ತ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಹಾಕಿದವಳು ಹಾಗೇ ಉಳಿದಳು.

"ತಂಗಿ... ಇದೇನವಾ? ಚಿಮಣಿ ಹೊಳ್ಳಿ ಬಂತಲ್ಲ!"

ಖರೆ. ಅದೇ ಕಿಟಕಿ, ಅದೇ ಚಿಮಣಿ.

"ಗಾಡಿ ಊರಿಗೆ ಹೊಂಟೈತಿ! ನಮ್ಮನ್ನ ಹೊಳ್ಳಿ ಒಯ್ಯಾಕ ಹತ್ಯಾರ! ಏಳ, ಏಳ!"

ಎದುರಿಗೆ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಬೆಳವಣಕಿ ಕಡೆಯ ಒಬ್ಬ ಅಜ್ಜಿ ಕೂತಿದ್ದಳು. ಬಾಯಿತುಂಬ ಎಲೆಅಡಿಕೆ. "ಸುಮ್ಮ ಕೂಡ್ರ ಬೇ. ಗದಗದಾಗ ಗಾಡಿ ಹೊಳ್ಳತೈತಿ. ನೇಕಾರ್ರಕಿ ಅದೀ, ಮಗ್ಗದಾಗ ಲಾಳಿ ಹೋಗಿ ಬರೂದು ನೋಡಿಲ್ಲೇನ?" ಅಂದಳು.

"ಲಾಳಿ ಹೊಳ್ಳಿ ಬಂದ್ರ ಹೊಂಟ ಕಡೀಗೇ ಬರತೈತಿ, ನಮ್ಮವ್ವ! ಹುಬ್ಬಳ್ಳಿಗೆ ಹೋಗೂದಿಲ್ಲ! ಬಿಚ್ಚಿದ ಕುಣಿಕಿ ಮತ್ತ ಬೀಳತೈತೇನ?"

ಡಬ್ಬಿಯ ತುಂಬ ನಗು. ನಾನು ನಗಲಿಲ್ಲ. ನನಗೂ ಗೊತ್ತಿರಲಿಲ್ಲ. ಜಂಕ್ಷನ್ನಿನಲ್ಲಿ ಕೆಲವು ಡಬ್ಬಿಗಳನ್ನು ಬಿಚ್ಚಿ ಬೇರೆ ಗಾಡಿಗೆ ಹಚ್ಚುತ್ತಾರೆಂದು ಯಾರೋ ಹೇಳಿದ್ದು ಕೇಳಿದ್ದೆ. ಬಾಯಿಬಿಟ್ಟು ಏನು ಹೇಳಲಿ ಎನ್ನುವುದರೊಳಗೆ ಅತ್ತಿ ಬಾಗಿಲು ತೆಗೆದು, ಹಿಡಿಕೆ ಹಿಡಿದು, ಜಲ್ಲಿಕಲ್ಲಿನ ಮೇಲೆ ಇಳಿದೇಬಿಟ್ಟಳು. "ಗಂಟು ಕೊಡು, ಆಮ್ಯಾಲ ನೀನೂ ಇಳಿ. ಲಗೂನ!"

ನಾನು ಬಾಗಿಲಲ್ಲಿ ಕೂತು ಗಂಟನ್ನು ಕೆಳಗೆ ಚಾಚಿದೆ. ಆಕೆ ಒಂದು ಕಡೆ ಹಿಡಿದಳು. ಅಷ್ಟರಲ್ಲಿ ಗಾಡಿ ಹೊರಟಿತು. ಹಿಂದಿನಿಂದ ಬದನೆಕಾಯಿ ಅಜ್ಜಿ ನನ್ನ ಸೊಂಟ ತಬ್ಬಿ ಹಿಡಿದು, "ಬಿಡಬ್ಯಾಡ, ಇದು ಹುಬ್ಬಳ್ಳಿ ಗಾಡಿ! ಆಕಿನ್ನ ಮ್ಯಾಲೆ ಎಳಿ!" ಎಂದು ಕಿರುಚಿದಳು. ಅತ್ತಿ ಪಕ್ಕದಲ್ಲೇ ಓಡುತ್ತಿದ್ದಳು. ಧೋತರ ಸಡಿಲಾಗಿ ಸೀರೆಯ ಅಂಚು ಹೊರಗೆ ಬಂತು. ಅದರ ಒಂದು ತುದಿ ನನ್ನ ಮುಷ್ಟಿಯಲ್ಲಿ, ಇನ್ನೊಂದು ಆಕೆಯ ಮುಷ್ಟಿಯಲ್ಲಿ. ನಡುವೆ ಅದು ಮಗ್ಗದ ಹಾಸಿನ ಹಾಗೆ ಬಿಗಿಯಾಯಿತು.

ಅತ್ತಿ ಒಮ್ಮೆ ಸೀರೆಯನ್ನು ನೋಡಿದಳು. "ಹರೀತೈತಿ" ಅಂದಳು. ಕೈ ಬಿಟ್ಟಳು.

ಇಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಎಡಬಲ ತಪ್ಪಿರಬಹುದು, ಗುಡ್ಡ ಸುಳ್ಳಿರಬಹುದು. ಅರಿವೆ ಹರಿಯುತ್ತದೆಂದು ಆಕೆ ಕೈ ಬಿಟ್ಟದ್ದು ಖರೆ. ಚಿಮಣಿಯ ಬುಡದ ಬಯಲಿನಲ್ಲಿ ಆಕೆ ಸಣ್ಣದಾಗುತ್ತ ಹೋದಳು. ಆಮೇಲೆ ಗಾಡಿ ತಿರುವಿನಲ್ಲಿ ಹೊರಳಿ ಹುಬ್ಬಳ್ಳಿಯ ಹಳಿ ಹಿಡಿಯಿತು.

ಹುಬ್ಬಳ್ಳಿಯಲ್ಲಿ ನನ್ನ ಅಣ್ಣ ಸ್ಟೇಷನ್ನಿಗೆ ಬಂದಿದ್ದ. ಅಳುತ್ತ ಎಲ್ಲ ಹೇಳಿದೆ. ಆತ ನನ್ನನ್ನು ಟಾಂಗಾದಲ್ಲಿ ಬೀಗರ ಮನೆಯ ಓಣಿಗೆ ಬಿಟ್ಟು, "ನಾ ಹೊಳ್ಳಿ ಹೋಗಿ ಸ್ಟೇಷನ್ನ್ಯಾಗ ನಿಂದರತೇನಿ. ಗದಗ ಕಡಿಂದ ಬರೂ ಒಂದು ಗಾಡೀನೂ ಬಿಡೂದಿಲ್ಲ" ಎಂದು ತಿರುಗಿ ಹೋದ. ಮನೆಯ ಗುರುತು ಅತ್ತಿ ಬಸ್ಸಿನಲ್ಲೇ ಹೇಳಿದ್ದಳು. ಗಿರಣಿಯ ಹಿಂದಿನ ಸಾಲು, ಬಾಗಿಲಿಗೆ ಬೇವಿನ ಗಿಡ.

ಬೀಗತಿ ಕಟ್ಟೆಯ ಮೇಲೇ ಕೂತಿದ್ದಳು. ದಪ್ಪ ಹೆಂಗಸು, ಹಣೆಯಲ್ಲಿ ಕಾಸಿನಗಲ ಕುಂಕುಮ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸೀರಿ ಬಂತು. ತಾಯಿ ಎಲ್ಲಿ?"

ಗದಗಿನಲ್ಲಿ ಇಳಿದುಬಿಟ್ಟರು ಅಂದೆ. ಯಾಕೆಂದು ಕೇಳಿದಳು. ಚಿಮಣಿ ಎರಡು ಸಲ ಕಂಡಿತು ಅಂದೆ. ಅದನ್ನು ಹೇಳುವಾಗ ನನಗೇ ನಾಚಿಕೆಯಾಯಿತು.

"ಚಲೋ ಆತು" ಅಂದಳು ಬೀಗತಿ. "ಮದವ್ಯಾಗ ಸೀರಿ ತಪ್ಪಿತು. ಈ ಸಲ ಸೀರಿ ಬಂತು, ಮನಿಷಾಳು ತಪ್ಪಿದ್ಲು. ಆ ಮನಿಯವ್ರದು ಯಾವಾಗ್ಲೂ ಒಂದು ಕಮ್ಮಿನ."

ಮಗಳು ಒಳಗೆ ಮಣೆಯ ಮೇಲೆ ಕೂತಿದ್ದಳು. ಕೈತುಂಬ ಹಸಿರು ಬಳೆ, ಸುತ್ತ ಓಣಿಯ ಮುತ್ತೈದೆಯರು. ಅಳಲಿಲ್ಲ. ಗಂಟನ್ನು ಮೂಗಿನ ಹತ್ತಿರ ಹಿಡಿದುಕೊಂಡಳು. ಸಡಿಲಾಗಿದ್ದ ಧೋತರವನ್ನು ಬೀಗತಿ ತಾನೇ ಬಿಚ್ಚಿದಳು. ಮೇಲೆ ಹಸಿರು ಸೀರೆ. ಅದರ ಕೆಳಗೆ ಇನ್ನೊಂದು ಇತ್ತು. ನನಗೂ ಗೊತ್ತಿರಲಿಲ್ಲ. ಕೆಂಪು ಒಡಲಿನ ಪಟ್ಟೇದ ಅಂಚಿನ ಸೀರೆ, ಹಿರಿಯ ಹೆಂಗಸರು ಉಡುವಂಥದ್ದು. ಯಾರಿಗೆಂದು ಯಾರೂ ಕೇಳಲಿಲ್ಲ. ಬೀಗತಿ ಅದರ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು, ತಿರುವಿ ನೋಡಿದಳು, ಮತ್ತೆ ಮಡಿಸಿ ಇಟ್ಟಳು. 

ಹೊತ್ತು ಇಳಿಯಿತು. ಪಡಸಾಲೆಯಲ್ಲಿ ಮುಖಗಳು ಮಸುಕಾದವು. ಮುತ್ತೈದೆಯರಲ್ಲಿ ಒಬ್ಬಳು, "ಯಕ್ಕಾ, ದೀಪ ಹಚ್ಚೋಣೇನ?" ಅಂದಳು.

"ಕಡ್ಡಿಪೆಟ್ಟಿಗಿ ಸಿಗವಲ್ದು" ಅಂದಳು ಬೀಗತಿ.

"ನಮ್ಮ ಮನ್ಯಾಗ ಐತಿ, ತರ್ತೇನಿ ತಡಿ."

"ಕೂಡ್ರ ಸುಮ್ಮ! ನನ್ನ ಮನಿ ದೀಪಕ್ಕ ನಿನ್ನ ಮನಿ ಕಡ್ಡಿ ಯಾಕ? ಇಲ್ಲೇ ಎಲ್ಲೋ ಇರಬೇಕು, ಸಿಗತೈತಿ."

ಎಲ್ಲರೂ ಕತ್ತಲಲ್ಲಿ ಕೂತೆವು. ಕಡ್ಡಿಪೆಟ್ಟಿಗೆಯನ್ನು ಯಾರೂ ಹುಡುಕಲಿಲ್ಲ. ಬೀಗತಿ ಎದ್ದು ಹೊಸ್ತಿಲಿಗೆ ಹೋಗಿ ಓಣಿಯನ್ನು ನೋಡಿ ಬರುವಾಗ ಆಕೆಯ ಸೊಂಟದ ಹತ್ತಿರ ಏನೋ ಗಿಲಗಿಲ ಎಂದದ್ದು ನನಗೆ ಕೇಳಿಸಿತು. ಕಡ್ಡಿಪೆಟ್ಟಿಗೆಯ ಸದ್ದೇ? ಕೀಲಿಗೊಂಚಲಿನದೂ ಇರಬಹುದು. ಕಡ್ಡಿಪೆಟ್ಟಿಗೆ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಆಗ ಬೇವಿನ ಗಿಡದ ಕೆಳಗೆ ಯಾರೋ ಬಂದು ನಿಂತರು.

"ಇದ... ಇದ ಮನಿ ಏನ್ರೀ? ದೀಪ ಹಚ್ಚಿಲ್ಲಲ್ರಿ?"

ಅತ್ತಿ! ಮೊಣಕಾಲಿನವರೆಗೆ ಎರೆಮಣ್ಣಿನ ಧೂಳು, ಒಂದು ಕೆನ್ನೆಯ ತುಂಬ ಕಲ್ಲಿದ್ದಲ ಮಸಿ, ಕೂದಲ ತುಂಬ ಅರಳೆ. ಬಲಗೈಯಲ್ಲಿ ಆ ಹಸಿರು ನೂಲು, ಇನ್ನೂ ಬಿಚ್ಚದ ಕುಣಿಕೆಗಳೊಂದಿಗೆ.

"ಹಚ್ಚಿಲ್ಲ" ಅಂದಳು ಬೀಗತಿ. "ಬಾ ಒಳಗ. ಕಾಲು ತೊಳಕೊ. ಹಿಂಗ ಯಾರರ ಕುಬಸಕ್ಕ ಬರ್ತಾರೇನ, ಗಿರಣ್ಯಾಗ ಬಿದ್ದೆದ್ದು ಬಂದಂಗ?"

ಸೀರೆ ಉಡಿಸಿದರು, ಉಡಿ ತುಂಬಿದರು. ಅದಾದ ಮೇಲೆ ಕಡ್ಡಿಪೆಟ್ಟಿಗೆ ಸಿಕ್ಕಿತು, ದೀಪ ಹತ್ತಿತು. ಆ ಬೆಳಕಿನಲ್ಲಿ ಅತ್ತಿಯನ್ನು ನೋಡಿ ಮೊದಲು ಮಗಳು ನಕ್ಕಳು, ಆಮೇಲೆ ಎಲ್ಲರೂ ನಕ್ಕೆವು.  ಅಷ್ಟು ಹಗುರಾಗಿ ನಾನು ಬದುಕಿನಲ್ಲಿ ಬಹಳ ಸಲ ನಕ್ಕಿಲ್ಲ.

ಯುಗಾದಿ ಮುಗಿಸಿ ಅತ್ತಿ, ಮಗಳು, ನಾನು ಮೂವರೂ ಕೂಡಿಯೇ ತಿರುಗಿ ಬಂದೆವು. ಗದಗಿನಲ್ಲಿ ಧಕ್ಕೆ ಬಡಿದು ಗಾಡಿ ಹಿಮ್ಮುಖವಾಗಿ ಹೊರಟಾಗ ಅತ್ತಿ ಎದ್ದು ನಿಂತು ಡಬ್ಬಿಗೆಲ್ಲ ಕೇಳುವಂತೆ, "ಯಾರೂ ಹೆದರಬ್ಯಾಡ್ರಿ! ಗದಗದಾಗ ಗಾಡಿ ಹೊಳ್ಳತೈತಿ. ನಾ ನೋಡೇನಿ!" ಅಂದಳು. ಹೆದರಿದವರು ಯಾರೂ ಇರಲಿಲ್ಲ. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮಳೆಗಾಲ ಶುರುವಾಗುವ ಹೊತ್ತಿಗೆ ಎದುರುಮನೆಯಲ್ಲಿ ಕೂಸು ಅತ್ತ ಸದ್ದು ಕೇಳಿಸಿತು, ಹೆಣ್ಣುಕೂಸು. ಅದರ ತೊಟ್ಟಿಲು ಮಗ್ಗದ ಪಕ್ಕದಲ್ಲೇ ಇತ್ತು. ಬೀಗತಿ ಹೆಸರಿಡುವುದಕ್ಕೆ ಬಂದಾಗ ಗಂಟಿನಲ್ಲಿದ್ದ ಆ ಕೆಂಪು ಸೀರೆ ಉಟ್ಟು ಬಂದಳು.

ಕೆಲವು ವರ್ಷಕ್ಕೆ ನಾವು ಆ ಊರು ಬಿಟ್ಟೆವು. ಅತ್ತಿ ತೀರಿಕೊಂಡ ಸುದ್ದಿ ನನಗೆ ಬಹಳ ತಡವಾಗಿ ತಲುಪಿತು, ಅಳುವ ಹೊತ್ತು ಮೀರಿದ ಮೇಲೆ. ಕೆಲವು ಗಾಡಿಗಳು ಈಗ ಗದಗಿನ ಒಳಗೆ ಬರದೆ ಹೊರಗಿನಿಂದಲೇ ಹೊರಳಿ ಹೋಗುತ್ತವಂತೆ. ಹಾಗಾದರೆ ಅದರಲ್ಲಿ ಕೂತವರಿಗೆ ಯಾವುದೂ ಎರಡು ಸಲ ಕಾಣುವುದಿಲ್ಲ. ಆ ಚಿಮಣಿ ಇನ್ನೂ ನಿಂತಿದೆಯೋ ಇಲ್ಲವೋ, ಯಾರನ್ನು ಕೇಳಲಿ? ಸೊಸೆ ತಂದ ಸೀರೆಯನ್ನು ಮತ್ತೆ ಮಡಿಸಿ ಕೊಟ್ಟೆ. "ಯಾಕ್ರಿ, ಚಲೋ ಇಲ್ಲೇನು?" ಅಂದಳು. ಚಲೋ ಇದೆ ಅಂದೆ.

ಅಂದು ಅತ್ತಿ ಹೇಗೆ ಬಂದಳು ಎಂದು ನಾನು ಎಷ್ಟೋ ಸಲ ಕೇಳಿದ್ದೆ. ಒಮ್ಮೆ ಮಾಲುಗಾಡಿಯ ಕಡೆಯ ಡಬ್ಬಿಯಲ್ಲಿ ಹತ್ತಿಸಿಕೊಂಡರು ಅಂದಳು. ಇನ್ನೊಮ್ಮೆ ಅರಳೆ ಹೇರಿದ ಲಾರಿಯ ಮೇಲೆ ಬಂದೆ ಅಂದಳು. ಮತ್ತೊಮ್ಮೆ, ಬೆನ್ನ ಹಿಂದೆ ಇನ್ನೊಂದು ಗಾಡಿ ಬಂತಲ್ಲ, ಅದರಲ್ಲಿ ಎಲ್ಲರ ಹಾಗೆ ಕೂತು ಬಂದೆ ಅಂದಳು. ಕೆನ್ನೆಯ ಮಸಿ ಒಂದು ಮಾತಿಗೆ ಹೊಂದುತ್ತದೆ, ಕೂದಲ ಅರಳೆ ಇನ್ನೊಂದಕ್ಕೆ. ದೀಪ ಹತ್ತಿದ ಮೇಲೂ ಸ್ಟೇಷನ್ನಿನಲ್ಲೇ ನಿಂತಿದ್ದ ನನ್ನ ಅಣ್ಣ, ಗದಗಿನ ಕಡೆಯಿಂದ ಬಂದ ಯಾವ ಗಾಡಿಯಿಂದಲೂ ಅಂಥ ಹೆಂಗಸು ಇಳಿಯಲಿಲ್ಲವೆಂದು ಸಾಯುವವರೆಗೂ ಆಣೆ ಹಾಕಿ ಹೇಳುತ್ತಿದ್ದ. ಓದಲು ಬಾರದ, ಹುಬ್ಬಳ್ಳಿಯನ್ನು ಎಂದೂ ನೋಡದ ಹೆಂಗಸು ಆ ಬಯಲಿನಿಂದ ಬೇವಿನ ಗಿಡದವರೆಗೆ, ದೀಪ ಹಚ್ಚುವುದರೊಳಗೆ, ಹೇಗೆ ಬಂದು ಮುಟ್ಟಿದಳೋ ನನಗೆ ಗೊತ್ತಿಲ್ಲ.